ಲೆಕ್ಕ ಮಾಡೋಕೂ ಹಿಂದಿ ಬೇಕೆ?

ಡೆಹ್ರಾಡೂನ್ ಅಂದರೆ ನಮ್ಮ ಕಡೆಯವರಿಗೆ ಮಸ್ಸೂರಿಗೆ ಹೋಗುವ ದಾರಿ, ಬಾಸ್ಮತಿ ಅಕ್ಕಿ, ಬಹಳವಾದರೆ ದೊಡ್ಡವರ ಮಕ್ಕಳು ಓದುವ ಡೂನ್ ಸ್ಕೂಲು. ಬ್ಯಾಂಕಿನ ವರ್ಗಾವಣೆಯಿಂದ ಮೂರು ವರ್ಷ ಆ ಊರಿನಲ್ಲಿದ್ದು, ನಿವೃತ್ತಿಯಾದ ಮೇಲೆ ದೆಹಲಿಯಲ್ಲೇ ಉಳಿದುಬಿಟ್ಟ ನಾನು ಹೇಳಹೊರಟಿರುವುದು ಅಲ್ಲಿನ ಗಢೀ ಕಂಟೋನ್ಮೆಂಟಿನಲ್ಲಿರುವ ಇನ್ನೊಂದು ಶಾಲೆಯ ವಿಚಾರ. ಹೆಸರು ರಾಷ್ಟ್ರೀಯ ಇಂಡಿಯನ್ ಮಿಲಿಟರಿ ಕಾಲೇಜು. ಕಾಲೇಜು ಅನ್ನೋದು ಹೆಸರಿಗಷ್ಟೆ. ಎಂಟರಿಂದ ಹನ್ನೆರಡನೇ ತರಗತಿವರೆಗಿನ ವಸತಿಶಾಲೆ ಅದು. ನಡೆಸುವುದು ಕೇಂದ್ರ ಸರಕಾರದ ದುಡ್ಡಿನಲ್ಲಿ, ಅಂದರೆ ನಿಮ್ಮ ನಮ್ಮ ತೆರಿಗೆಯಲ್ಲಿ.

ಈ ಶಾಲೆ ಹುಟ್ಟಿದ್ದೇ ಒಂದು ಬಾಗಿಲು ಮುಚ್ಚಿತ್ತು ಎಂಬ ಕಾರಣಕ್ಕೆ. ಮೊದಲ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಸಮುದ್ರ ದಾಟಿ ಹೋಗಿ ಬ್ರಿಟಿಷರ ಪರವಾಗಿ ದುಡಿದರು. ಸಾಯೋದಕ್ಕೆ ನಮ್ಮವರು ಬೇಕಿತ್ತು, ಹುಕುಂ ಕೊಡೋದಕ್ಕೆ ಮಾತ್ರ ಬಿಳಿಯರೇ ಆಗಬೇಕಿತ್ತು. ಯುದ್ಧ ಮುಗಿಯುವ ಹೊತ್ತಿಗೆ, 1918ರಲ್ಲಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿನಲ್ಲಿ ವರ್ಷಕ್ಕೆ ಹತ್ತು ಸೀಟು ಭಾರತೀಯರಿಗೆ ಬಿಟ್ಟರು. ಹೋದವರಲ್ಲಿ ಎಷ್ಟೋ ಹುಡುಗರು ತೇರ್ಗಡೆಯಾಗಲಿಲ್ಲ. ಅಲ್ಲಿನ ಭಾಷೆ ಬೇರೆ, ಊಟ ಬೇರೆ, ರೀತಿರಿವಾಜು ಬೇರೆ. ಚಿಕ್ಕಂದಿನಲ್ಲೇ ಹುಡುಗರನ್ನು ಹಿಡಿದು ತಯಾರು ಮಾಡಬೇಕೆಂದು 1922ರ ಮಾರ್ಚ್ 13ರಂದು ಇಂಗ್ಲೆಂಡಿನ ಯುವರಾಜನ ಕೈಯಿಂದ ಈ ಶಾಲೆ ತೆರೆಸಿದರು. ಆಗಿನ ಹೆಸರು ಪ್ರಿನ್ಸ್ ಆಫ್ ವೇಲ್ಸ್ ರಾಯಲ್ ಇಂಡಿಯನ್ ಮಿಲಿಟರಿ ಕಾಲೇಜು. ಸ್ವಾತಂತ್ರ್ಯ ಬಂದ ಮೇಲೆ ಯುವರಾಜ ಹೋದ, 'ರಾಯಲ್' ಇದ್ದ ಜಾಗಕ್ಕೆ 'ರಾಷ್ಟ್ರೀಯ' ಬಂತು. ಆರ್.ಐ.ಎಂ.ಸಿ. ಎಂಬ ನಾಲ್ಕಕ್ಷರ ಮಾತ್ರ ಕದಲಲಿಲ್ಲ!

ಶಾಲೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದರ ಫಲ ಕಣ್ಣ ಮುಂದಿದೆ. ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ನಮ್ಮ ಕೆ.ಎಸ್. ತಿಮ್ಮಯ್ಯನವರು ಅಲ್ಲೇ ಓದಿ, ಸ್ಯಾಂಡ್‌ಹರ್ಸ್ಟ್‌ಗೆ ಹೋಗಿ, 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದರು. 1947ರ ನವೆಂಬರಿನಲ್ಲಿ ಶ್ರೀನಗರದ ಹತ್ತಿರ ಬಡಗಾಂನಲ್ಲಿ ಪ್ರಾಣಕೊಟ್ಟು, ಮೊದಲ ಪರಮವೀರ ಚಕ್ರ ಪಡೆದ ಮೇಜರ್ ಸೋಮನಾಥ ಶರ್ಮಾ ಅಲ್ಲಿಯ ಹುಡುಗ. ಗಡಿಯಾಚೆ ಪಾಕಿಸ್ತಾನದ ವಾಯುಪಡೆಯನ್ನು ನಡೆಸಿದ ಅಸ್ಗರ್ ಖಾನ್, ನೂರ್ ಖಾನ್ ಕೂಡಾ ಅಲ್ಲಿಯವರೇ. ಆದರೆ ಒಂದು ಗಮನಿಸಿ. ತಿಮ್ಮಯ್ಯನವರು ಡೆಹ್ರಾಡೂನಿಗೆ ಹೋಗುವ ಮೊದಲೇ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದ್ದರು. ಇಂಗ್ಲಿಷ್ ಬಲ್ಲವನಿಗೇ ಆ ಬಾಗಿಲು. ಬ್ರಿಟಿಷರ ಕಾಲ, ಅವರ ಶಾಲೆ; ಇರಲಿ ಬಿಡಿ.

ಈಗಿನ ಕತೆ ಏನು? ಈ ಶಾಲೆಗೆ ಆರು ತಿಂಗಳಿಗೊಮ್ಮೆ ಪ್ರವೇಶ ಪರೀಕ್ಷೆ. ಸೀಟುಗಳು ರಾಜ್ಯವಾರು. ಹನ್ನೊಂದೂವರೆಯಿಂದ ಹದಿಮೂರು ವರ್ಷದೊಳಗಿನ ಮಕ್ಕಳು ಕೂರಬಹುದು. ಪತ್ರಿಕೆ ಮೂರು: ಇಂಗ್ಲಿಷ್, ಗಣಿತ, ಸಾಮಾನ್ಯಜ್ಞಾನ. ಇಂಗ್ಲಿಷ್ ಪತ್ರಿಕೆಯನ್ನು ಇಂಗ್ಲಿಷಿನಲ್ಲೇ ಬರೆಯಬೇಕು, ಸರಿ. ಉಳಿದೆರಡನ್ನು? ಇಂಗ್ಲಿಷಿನಲ್ಲಿ, ಇಲ್ಲವೇ ಹಿಂದಿಯಲ್ಲಿ. ಮುಗೀತು.

ಅಲ್ಲಾ ಸ್ವಾಮಿ, ಮೀರತ್ತಿನ ಹುಡುಗ ತನ್ನ ಅವ್ವನ ಮಾತಿನಲ್ಲೇ ಬಡ್ಡಿ ಲೆಕ್ಕ ಮಾಡಬಹುದು, ಇಂಡಿ ತಾಲ್ಲೂಕಿನ ಕನ್ನಡ ಶಾಲೆಯ ಹುಡುಗ ಮಾಡುವ ಹಾಗಿಲ್ಲ. ಅವನಿಗೆ ಲೆಕ್ಕ ಬರುತ್ತೆ, ಪ್ರಶ್ನೆ ಓದೋಕೆ ಬರೋದಿಲ್ಲ. ಇದು ಬುದ್ಧಿಯ ಪರೀಕ್ಷೆಯೋ, ಹುಟ್ಟಿದ ಊರಿನ ಪರೀಕ್ಷೆಯೋ? ತಮಾಷೆ ಅಂದರೆ, ಆ ಶಾಲೆಯ ಮಕ್ಕಳನ್ನು ಹಂಚಿರುವ ವಿಭಾಗಗಳ ಹೆಸರು ಪ್ರತಾಪ, ರಣಜಿತ್, ಶಿವಾಜಿ, ಚಂದ್ರಗುಪ್ತ. ಶಿವಾಜಿ ಮಹಾರಾಜರೇ ಇವತ್ತು ಹನ್ನೆರಡು ವರ್ಷದ ಹುಡುಗನಾಗಿ ಬಂದು ಕೂತರೂ ಮರಾಠಿಯಲ್ಲಿ ಲೆಕ್ಕ ಬರೆಯುವಂತಿಲ್ಲ!

ಇಲ್ಲಿ ಸಂಜೆ ವಾಕಿಂಗಿಗೆ ಸಿಗುವ ಉತ್ತರದ ಮಿತ್ರರು ಹೇಳೋದುಂಟು: "ಸೈನ್ಯದಲ್ಲಿ ನಡೆಯೋದೇ ಹಿಂದಿ, ಇಂಗ್ಲಿಷ್. ಅದು ಬಾರದವನು ಅಲ್ಲಿ ಬಂದು ಏನು ಮಾಡ್ತಾನೆ?" ಕಲೀತಾನೆ, ಮತ್ತೇನು! ಐದು ವರ್ಷ ಅಲ್ಲೇ ಉಂಡು ಮಲಗಿ ಓದುವ ಹುಡುಗ ಎರಡೂ ಭಾಷೆ ಕಲಿಯದೆ ಇರುತ್ತಾನೆಯೇ? ಕಲಿಸುವುದು ಶಾಲೆಯ ಕೆಲಸ. ಕಲಿತು ಬಂದವನನ್ನೇ ಒಳಗೆ ಬಿಡ್ತೀನಿ ಅಂದರೆ ಶಾಲೆ ಯಾಕೆ ಬೇಕು?

ಬೇರೆ ಭಾಷೆಗಳಲ್ಲಿ ಪ್ರಶ್ನೆಪತ್ರಿಕೆ ಮಾಡೋದು ಕಷ್ಟ ಅನ್ನೋ ನೆಪವೂ ನಿಲ್ಲುವುದಿಲ್ಲ. 1961ರಲ್ಲಿ ಸಾತಾರಾದಿಂದ ಶುರುವಾಗಿ 1963ರಲ್ಲಿ ನಮ್ಮ ಬಿಜಾಪುರಕ್ಕೆ ಬಂದ ಸೈನಿಕ ಶಾಲೆಗಳೂ ಅದೇ ರಕ್ಷಣಾ ಇಲಾಖೆಯವು. ಅವುಗಳ ಆರನೇ ತರಗತಿಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಗೂ 2019ರಲ್ಲಿ ಹದಿಮೂರು ಪ್ರಾದೇಶಿಕ ಭಾಷೆಗಳು ಬಂದವು. ಹಣ ಕಟ್ಟುವ ಚಲನ್ನನ್ನೇ ಮೂರು ಭಾಷೆಯಲ್ಲಿ ಅಚ್ಚು ಹಾಕಿಸುವ ಸರಕಾರಕ್ಕೆ ಎರಡು ಪತ್ರಿಕೆಗಳು ಭಾರವೇ?

ಬಾಗಿಲು ತಾನಾಗಿ ತೆರೆಯೋದಿಲ್ಲ. ಈ ಶಾಲೆ ನೂರು ವರ್ಷ ಬರೀ ಗಂಡುಹುಡುಗರದಾಗಿತ್ತು. ಸುಪ್ರೀಂ ಕೋರ್ಟು 2021ರಲ್ಲಿ ಗದರಿಸಿದ ಮೇಲೆ, 2022ರಲ್ಲಿ, ಶತಮಾನೋತ್ಸವದ ವರ್ಷವೇ ಹೆಣ್ಣುಮಕ್ಕಳು ಒಳಗೆ ಕಾಲಿಟ್ಟರು. ಯಾರೋ ಕೇಳಿದರು, ಸಿಕ್ಕಿತು.

ಕನ್ನಡದ ಪರವಾಗಿ ಕೇಳಿದವರು ಯಾರು? ನವೆಂಬರ್ ಬಂದರೆ ಅಂಗಡಿ ಬೋರ್ಡಿನ ಅಕ್ಷರ ಅಳೆಯುತ್ತೇವೆ. ಅಳೆಯಲಿ, ಬೇಡ ಅನ್ನೋಲ್ಲ. ಆದರೆ ಈ ಪರೀಕ್ಷೆಯನ್ನು ರಾಜ್ಯದಲ್ಲಿ ನಡೆಸಿಕೊಡುವುದು ನಮ್ಮದೇ ಸರಕಾರ. ಪ್ರತಿ ಆರು ತಿಂಗಳಿಗೂ ಕೊಠಡಿ, ಮೇಲ್ವಿಚಾರಕರನ್ನು ಒದಗಿಸುವ ನಾವು, ಅದರ ಜೊತೆಗೊಂದು ಕಾಗದ ಹಾಕಿ "ಗಣಿತ, ಸಾಮಾನ್ಯಜ್ಞಾನ ಎರಡು ಪತ್ರಿಕೆ ಕನ್ನಡದಲ್ಲೂ ಇರಲಿ" ಎಂದು ಕೇಳಬಾರದೆ? ನಿಮ್ಮ ಶಾಸಕರು, ಸಂಸದರು ಓಟಿಗೆ ಮನೆಗೆ ಬಂದಾಗ ಇದನ್ನು ಕೇಳಿ. ಇಲ್ಲಿ ದೆಹಲಿಯಲ್ಲಿ ಕೂತು ನಾವು ನಾಲ್ಕು ಜನ ಕೂಗಿದರೆ ಹೊರಗಿನವರ ಗೊಣಗಾಟ ಆಗುತ್ತೆ. ರಾಜ್ಯದವರು ನೀವು ಕೇಳಿದರೆ ಅದು ಹಕ್ಕು.