ಜವೆಗೋಧಿ ನಮ್ಮದು, ಬೆಲೆ ಯಾರದು?



ನಿಮ್ಮ ಮನೆಯಲ್ಲಿ ಗೋಧಿ ಹುಗ್ಗಿ ಮಾಡಿ ಎಷ್ಟು ದಿನವಾಯಿತು? ಮಾಡಿದ್ದರೆ ಆ ಗೋಧಿ ನಿಮ್ಮ ಹೊಲದ್ದೋ, ಪೇಟೆಯಿಂದ ಪ್ಯಾಕೆಟಿನಲ್ಲಿ ತಂದದ್ದೋ? ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎರೆಭೂಮಿಯ ಒಕ್ಕಲಿಗನಿಗೆ ಈ ಪ್ರಶ್ನೆ ಕೇಳುವ ಕಾಲ ಬಂತಲ್ಲ, ಅದೇ ನಾಚಿಕೆಗೇಡು.

ಜವೆಗೋಧಿಯ ಮಾತು ಹೇಳುತ್ತಿದ್ದೇನೆ. ಕೆಲವರು ಇದನ್ನು ಸದಕ ಅಂತಾರೆ, ಮಹಾರಾಷ್ಟ್ರದವರು ಖಪ್ಲಿ ಅಂತಾರೆ. ಉದ್ದನೆಯ ಕೆಂಪು ಕಾಳು. ರಾಶಿ ಮಾಡಿದರೂ ಮೈಮೇಲಿನ ಸಿಪ್ಪೆ ಬಿಡುವುದಿಲ್ಲ, ಕುಟ್ಟಿಯೇ ಬಿಡಿಸಬೇಕು. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗಿಡ್ಡ ಗೋಧಿ ಬೀಜ ತರಿಸಿದರು. ದೇಶದ ಹಸಿವಿಗೆ ಅದು ಬೇಕಿತ್ತು, ಅಲ್ಲ ಅನ್ನುವುದಿಲ್ಲ. ಆದರೆ ಅಂದಿನಿಂದ ಸರ್ಕಾರದ ಖರೀದಿ, ಗೋದಾಮು ಎಲ್ಲವೂ ಪಂಜಾಬು, ಹರಿಯಾಣದ ಕಡೆ ಹೋಯಿತು. ಜವೆ ಮೂಲೆಗೆ ಬಿತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಅದನ್ನು ಕೈಬಿಡದೆ ಡಿಡಿಕೆ-1025, ಡಿಡಿಕೆ-1029 ಅಂಥ ಗಿಡ್ಡ ತಳಿಗಳನ್ನು ಕೊಟ್ಟರು. ಬೀಜ ಇದೆ, ನೆಲ ಇದೆ. ಇಲ್ಲದ್ದು ಬೆಲೆ.

ಲೆಕ್ಕ ಹಾಕಿ ನೋಡ್ರಿ. 2026-27ರ ಹಂಗಾಮಿಗೆ ಗೋಧಿಯ ಬೆಂಬಲ ಬೆಲೆ ಕ್ವಿಂಟಲಿಗೆ 2,585 ರೂಪಾಯಿ. ಇದು ಸಿಪ್ಪೆ ಇಲ್ಲದ ಮಾಮೂಲಿ ಗೋಧಿಗೆ. ಜವೆಗೆ ಬೇರೆ ದರವೇ ಇಲ್ಲ. ಜವೆಯ ತೂಕದಲ್ಲಿ ಕಾಲುಭಾಗ ಸಿಪ್ಪೆ ಎಂದಿಟ್ಟುಕೊಳ್ಳಿ. ಕ್ವಿಂಟಲಿಗೆ ಸಿಗುವುದು 75 ಕಿಲೋ ಕಾಳು. ಅಂದರೆ ಸಿಪ್ಪೆ ಸಮೇತ 2,585 ಕೊಟ್ಟರೂ ಕಾಳಿನ ಅಸಲು ಕಿಲೋಗೆ 34 ರೂಪಾಯಿ 47 ಪೈಸೆ. ಅದೇ ಕಾಳನ್ನು, ಅದರ ರವೆಯನ್ನು ‘ಸಕ್ಕರೆ ಕಾಯಿಲೆಯವರಿಗೆ ಒಳ್ಳೇದು’ ಎಂದು ಹೇಳಿ ಶಹರದಲ್ಲಿ ನೂರು ರೂಪಾಯಿ ದಾಟಿಸಿ ಮಾರುತ್ತಾರೆ. ಗಿರಣಿ ಖರ್ಚು, ಚೀಲ, ಸಾಗಣೆ ಎಲ್ಲ ಕಳೆಯಿರಿ. ಉಳಿದದ್ದು ಯಾರ ಕಿಸೆಗೆ ಹೋಯಿತು? ಬಿತ್ತಿದವನ ಕಿಸೆಗಂತೂ ಅಲ್ಲ.

ಹೀಗೇಕೆ ಆಗುತ್ತದೆ? ಒಂದು, ಸಾಲ. ರಾಶಿ ಕಣದಲ್ಲಿರುವಾಗಲೇ ಸೊಸೈಟಿ ಸಾಲದ ಕಂತು ತಲೆ ಮೇಲೆ ಬರುತ್ತದೆ, ಅಡತಿ ಅಂಗಡಿಯ ಕೈಗಡ ಬೇರೆ. ಎಲ್ಲರೂ ಒಂದೇ ಸಲಕ್ಕೆ ಚೀಲ ಇಳಿಸಿದರೆ ದರ ಬೀಳದೆ ಏರುತ್ತದೆಯೇ? ಎರಡು, ಸಿಪ್ಪೆ ತೆಗೆಯುವ ಕೆಲಸ ಊರು ಬಿಟ್ಟು ಹೋಯಿತು. ಒರಳು, ಒನಕೆ ಹಿತ್ತಲು ಸೇರಿದವು, ಅವುಗಳ ಬದಲಿಗೆ ಊರಿಗೆ ಯಂತ್ರ ಬರಲಿಲ್ಲ. ಸಿಪ್ಪೆ ತೆಗೆಯುವ ಯಂತ್ರ ಯಾರದೋ, ಕಾಳಿನ ಬೆಲೆಯೂ ಅವರದೇ.

ಆದ್ದರಿಂದ ಮೊದಲು ಮನೆಗೆ ಬೇಕಾದ ಗೋಧಿ ತೆಗೆದಿಟ್ಟು ಆಮೇಲೆ ಮಾರಿ. ಬಿತ್ತನೆಗೆ ಔಷಧಿ ಹಚ್ಚಿದ ಕಾಳು ಮಾತ್ರ ಅಡಿಗೆಗೆ ಬರಕೂಡದು. ಹೊಲದ ಗೋಧಿ ಆರಿಸಿ, ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು ಹಗುರಾಗಿ ಕುಟ್ಟಿ ಕೇರಿದರೆ ಹುಗ್ಗಿ ಗೋಧಿ ಸಿದ್ಧ. ಚೆನ್ನಾಗಿ ಒಣಗಿಸಿ ಇಟ್ಟುಕೊಳ್ಳಿ. ರಾತ್ರಿ ನೆನೆಹಾಕಿ, ಮುಂಜಾನೆ ಒಂದಕ್ಕೆ ನಾಲ್ಕು ಪಾಲು ನೀರಿಟ್ಟು, ಕಾಳು ಒಡೆದು ಅರಳುವವರೆಗೂ ಬೇಯಿಸಿ. ಅವಸರಕ್ಕೆ ಬೆಲ್ಲ ಮೊದಲೇ ಹಾಕಿದರೆ ಕಾಳು ಬೇಯದೆ ಗಟ್ಟಿ ಉಳಿಯುತ್ತದೆ. ಪೂರಾ ಬೆಂದ ಮೇಲೆಯೇ ಬೆಲ್ಲ. ಆಮೇಲೆ ಒಣಕೊಬ್ಬರಿ, ಗಸಗಸೆ, ಏಲಕ್ಕಿ, ಒಣಶುಂಠಿ. ಮೇಲೆ ತುಪ್ಪ, ಹಾಲು. ಬೆಲ್ಲ ಬೇಡವಾದವರು ಬೆಂದ ಕಾಳಿಗೆ ಉಪ್ಪು, ಒಗ್ಗರಣೆ ಕೊಟ್ಟು ಮಜ್ಜಿಗೆ ಜೊತೆ ಉಣ್ಣಬಹುದು. ಮದುವೆ, ಜಾತ್ರೆಯ ಪಂಕ್ತಿಗೂ ಊರಿನ ಗೋಧಿಯೇ ಬೀಳಲಿ. ಅದೂ ಒಂದು ಮಾರುಕಟ್ಟೆಯೇ.

ಮನೆಯ ಹೆಂಗಸರು ಮತ್ತೆ ಒನಕೆ ಹಿಡಿಯಲಿ ಎಂದು ನಾನು ಹೇಳುತ್ತಿಲ್ಲ. ಹಬ್ಬಕ್ಕೆ ನಾಲ್ಕು ಸೇರು ಕುಟ್ಟುವುದು ಬೇರೆ, ಮಾರಾಟಕ್ಕೆ ಹತ್ತು ಚೀಲ ಕುಟ್ಟುವುದು ಬೇರೆ. ಅದಕ್ಕೆ ಯಂತ್ರವೇ ಬೇಕು.

ನಮ್ಮ ಬೇಡಿಕೆ ಇಷ್ಟು. ಜವೆಗೆ ಸಿಪ್ಪೆಯ ಪ್ರಮಾಣ ಹಿಡಿದು ಬೇರೆ ಬೆಂಬಲ ಬೆಲೆ ಕಟ್ಟಬೇಕು. ಕಟ್ಟಿದ ಬೆಲೆಗೆ ನಮ್ಮ ಜಿಲ್ಲೆಗಳಲ್ಲೇ ಖರೀದಿ ಕೇಂದ್ರ ತೆರೆಯಬೇಕು. ಕಾಗದದ ಮೇಲಿನ ಬೆಲೆಯಿಂದ ಯಾರ ಸಾಲವೂ ತೀರಿಲ್ಲ. ಜವೆ ಬೆಳೆಯುವ ಊರುಗಳ ಸಹಕಾರ ಸಂಘಕ್ಕೆ ಸಿಪ್ಪೆ ತೆಗೆಯುವ ಯಂತ್ರ ಬರಬೇಕು. ಗೋದಾಮಿನ ರಸೀದಿ ಮೇಲಿನ ಸಾಲ ಸಣ್ಣ ರೈತನಿಗೂ ಅಲೆದಾಟವಿಲ್ಲದೆ ಸಿಗಬೇಕು, ಆಗ ಸುಗ್ಗಿಯಲ್ಲೇ ಮಾರುವ ಗತಿ ತಪ್ಪೀತು.

ಸರ್ಕಾರ ಕೊಡುವ ತನಕ ಕೈಕಟ್ಟಿ ಕೂಡಬೇಡಿ. ಊರಿನ ಹತ್ತು ಮಂದಿ ಸೇರಿ ಬರುವ ಸುಗ್ಗಿಯಲ್ಲಿ ತಲಾ ಎರಡು ಚೀಲ ಒಟ್ಟುಮಾಡಿ, ಸಿಪ್ಪೆ ತೆಗೆಸಿ, ಕಾಳಾಗಿಯೇ ಮಾರಿ ನೋಡಿ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದದ್ದು ಸಾಕು.