ಊರು ಬಿಡದ ಗೋಲ್‌ಕೀಪರ್

ಕಳೆದ ತಿಂಗಳು ಪುಣೆಯಿಂದ ತಂಗಿಯ ಫೋನ್. ಸಾಮಾನ್ಯವಾಗಿ ಭಾನುವಾರ ಸಂಜೆ ನಿಧಾನವಾಗಿ ಮಾತಾಡುವವಳು, ಅಂದು ಬುಧವಾರ ಬೆಳಿಗ್ಗೆ ನಾನು ಡೊಂಬಿವಿಲಿ ಸ್ಟೇಷನ್ನಿನ ಮೆಟ್ಟಿಲು ಹತ್ತುತ್ತಿದ್ದಾಗಲೇ ಮಾಡಿದ್ದಳು. ‘ಅಣ್ಣಾ, ಇವನನ್ನ ಸ್ಕೂಲ್ ಟೀಮಿಗೆ ಗೋಲ್‌ಕೀಪರ್ ಮಾಡಿದ್ದಾರೆ. ನಿನ್ನೆ ಪ್ರಾಕ್ಟೀಸಿನಲ್ಲಿ ಯಾರದೋ ಮೊಣಕಾಲು ಬಡಿದು ತುಟಿ ಒಡಕೊಂಡು ಬಂದಿದ್ದಾನೆ. ನಾನು ಹೇಳಿದ್ರೆ ಕೇಳಲ್ಲ. ನೀನಾದ್ರೂ ಹೇಳು, ಬೇರೆ ಎಲ್ಲಾದ್ರೂ ಆಡಲಿ, ಗೋಲಿನಲ್ಲಿ ಬೇಡ’ ಅಂದಳು.

ಹೇಳ್ತೀನಿ ಅಂದೆ. ಗಾಡಿ ಬಂತು, ಹತ್ತಿದೆ. ಆದರೆ ಠಾಣೆ ದಾಟುವವರೆಗೂ ನನ್ನ ತಲೆಯಲ್ಲಿ ಸೋದರಳಿಯನಿಗಿಂತ ಹೆಚ್ಚಾಗಿ ಇನ್ನೊಬ್ಬ ಗೋಲ್‌ಕೀಪರ್ ಸುತ್ತುತ್ತಿದ್ದ. ಅವನ ಹೆಸರು ಖೋಯಿರುಲ್ ಹುದಾ. ಇಂಡೊನೇಷ್ಯಾದವನು. ನಮ್ಮಲ್ಲಿ ಹೆಚ್ಚಿನವರು ಆ ಹೆಸರು ಕೇಳಿರಲಾರರು. ಕೇಳಿದ್ದರೆ 2017ರ ಅಕ್ಟೋಬರ್‌ನಲ್ಲಿ ಎರಡು ದಿನ ಮೊಬೈಲಿನಿಂದ ಮೊಬೈಲಿಗೆ ಓಡಾಡಿದ ಒಂದು ವಿಡಿಯೊದಿಂದ. ಆ ವಿಡಿಯೊದ ಬಗ್ಗೆ ಆಮೇಲೆ ಹೇಳುತ್ತೇನೆ. ಒಬ್ಬ ಮನುಷ್ಯನ ಬದುಕನ್ನು ಅವನ ಕೊನೆಯ ಅರ್ಧ ನಿಮಿಷದಿಂದ ಶುರು ಮಾಡುವುದು ಸರಿಯಲ್ಲ.

ಮೊದಲು ಅವನ ಊರಿನ ಕಥೆ. ಜಾವಾ ದ್ವೀಪದ ಉತ್ತರ ಕರಾವಳಿಯಲ್ಲಿ, ಸುರಬಾಯಾ ಮಹಾನಗರದಿಂದ ಐವತ್ತು ಕಿಲೋಮೀಟರ್‌ ಒಳಗೇ ಲಮೋಂಗನ್ ಎಂಬ ಸಣ್ಣ ಊರಿದೆ. ಇಂಡೊನೇಷ್ಯಾದಲ್ಲಿ ಲಮೋಂಗನ್ ಎಂದರೆ ಜನರಿಗೆ ಮೊದಲು ನೆನಪಾಗುವುದು ಊಟ. ಅರಿಶಿನ ಬಣ್ಣದ ಕೋಳಿ ಸಾರು ‘ಸೋತೋ ಲಮೋಂಗನ್’. ಕರಿದ ಮೀನಿನ ಜೊತೆ ಖಾರದ ಸಾಂಬಾಲ್ ಚಟ್ನಿ ಕೊಡುವ ‘ಪೆಚೆಲ್ ಲೆಲೆ’. ಜಕಾರ್ತಾ ಇರಲಿ, ಬೇರೆ ಯಾವುದೇ ಊರಿರಲಿ, ಸಂಜೆಯಾಗುತ್ತಲೇ ರಸ್ತೆ ಬದಿಯಲ್ಲಿ ಟಾರ್ಪಾಲಿನ ಡೇರೆ ಏಳುತ್ತದೆ. ಮುಂದೆ ಮೀನು, ಕೋಳಿ, ಬಾತುಕೋಳಿಗಳ ಚಿತ್ರ ಬರೆದ ಬಟ್ಟೆಯ ಬ್ಯಾನರ್. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ‘ಲಮೋಂಗನ್’. ಒಲೆಯ ಮುಂದೆ ನಿಂತವನು ಲಮೋಂಗನ್‌ನಿಂದ ಬದುಕು ಹುಡುಕಿ ಬಂದವನು.

ಈ ಚಿತ್ರ ನಮಗೆ ಹೊಸದಲ್ಲ. ಮಾಟುಂಗದಲ್ಲಿ, ಫೋರ್ಟಿನಲ್ಲಿ, ಚೆನ್ನೈಯಲ್ಲಿ ಊರಿನ ಹೆಸರನ್ನೇ ಬೋರ್ಡಿಗೆ ಏರಿಸಿ ಇಡ್ಲಿ ದೋಸೆ ಮಾಡಿ ಬದುಕಿದವರ ಮಕ್ಕಳು, ಮೊಮ್ಮಕ್ಕಳು ಈ ಪತ್ರಿಕೆಯ ಓದುಗರಲ್ಲೂ ಇದ್ದಾರೆ. ‘ಉಡುಪಿ’ ಎಂಬ ಊರನ್ನು ಕಾಣದವರೂ ‘ಉಡುಪಿ ಹೋಟೆಲ್’ ಗೊತ್ತಿಲ್ಲ ಎನ್ನಲಾರರು. ಲಮೋಂಗನ್ ಕೂಡ ಹಾಗೆಯೇ, ಹೊರಗೆ ಹೋದವರಿಂದ ಹೆಸರಾದ ಊರು.

ಅಂಥ ಊರಿನಲ್ಲಿ 1979ರ ಜೂನ್ 2ರಂದು ಹುಟ್ಟಿದ ಹುದಾ ಮಾತ್ರ ಊರು ಬಿಡಲಿಲ್ಲ.

ಲಮೋಂಗನ್‌ಗೆ ಒಂದು ಫುಟ್‌ಬಾಲ್ ಕ್ಲಬ್ ಇದೆ, ಹೆಸರು ಪರ್ಸೆಲಾ. ಶುರುವಾದದ್ದು 1967ರಲ್ಲಿ. ಆಡುವ ಮೈದಾನದ ಹೆಸರು ಕೇಳಿದರೆ ನಮ್ಮ ಕಿವಿ ನೆಟ್ಟಗಾಗುತ್ತದೆ: ಸುರಜಯ. ಹೆಸರಿನಲ್ಲಿ ಸುರರೂ ಜಯವೂ ಎರಡೂ ಇವೆ. ತಂಡದ ಅಡ್ಡಹೆಸರು ‘ಜೋಕೋ ತಿಂಗ್ಕಿರ್‌ನ ಪಡೆ’. ಜೋಕೋ ತಿಂಗ್ಕಿರ್ ಜಾವಾದ ಜನಪದರು ಮೊಸಳೆಗಳನ್ನು ಗೆದ್ದವನೆಂದು ಹೊಗಳುವ ಹದಿನಾರನೇ ಶತಮಾನದ ರಾಜ. ಹೆಸರು ದೊಡ್ಡದು, ತಂಡ ಸಣ್ಣದು. ಒಂದು ಕಡೆ ಸುರಬಾಯಾದ ಪರ್ಸೆಬಾಯಾ, ಇನ್ನೊಂದು ಕಡೆ ಮಲಾಂಗ್‌ನ ಅರೆಮಾ. ಇಂಥ ಘಟಾನುಘಟಿಗಳ ನೆರೆಯಲ್ಲಿ ಪರ್ಸೆಲಾ ಒಂದು ತಾಲ್ಲೂಕು ಮಟ್ಟದ ತಂಡದಂತೆ ಕಾಣುತ್ತಿತ್ತು.

ಹುದಾ 1999ರಲ್ಲಿ, ಇಪ್ಪತ್ತನೇ ವಯಸ್ಸಿನಲ್ಲಿ ಈ ತಂಡ ಸೇರಿದ. ಆಗ ಅದು ದೇಶದ ಮೊದಲ ದರ್ಜೆಯಲ್ಲಿ ಇರಲೂ ಇಲ್ಲ. 2004ರ ಹೊತ್ತಿಗೆ ಮೇಲಿನ ದರ್ಜೆಗೆ ಏರಿತು, ಗೋಲಿನಲ್ಲಿ ಹುದಾ ಇದ್ದ. ಮುಂದೆ ನಾಯಕನಾದ. ಜೊತೆಯವರು ಬಂದರು, ಹೋದರು. ಕೋಚ್‌ಗಳು ಬದಲಾದರು. ಬ್ರೆಜಿಲ್, ಆಫ್ರಿಕಾದಿಂದ ಬಂದ ಆಟಗಾರರು ಒಂದೆರಡು ವರ್ಷ ಆಡಿ ಬೇರೆ ಕ್ಲಬ್ ಹಿಡಿದರು. ಒಂದನೇ ನಂಬರಿನ ಅಂಗಿ ಮಾತ್ರ ಅದೇ ಮೈಮೇಲೆ ಉಳಿಯಿತು. ಹದಿನೆಂಟು ವರ್ಷ, ಐನೂರಕ್ಕೂ ಹೆಚ್ಚು ಪಂದ್ಯ, ಒಂದೇ ಕ್ಲಬ್.

ಇದನ್ನು ಬರೆಯುವುದು ಸುಲಭ, ಬದುಕುವುದು ಸುಲಭವಲ್ಲ. ಇಂಡೊನೇಷ್ಯಾದ ಫುಟ್‌ಬಾಲ್ ಆ ವರ್ಷಗಳಲ್ಲಿ ನೆಮ್ಮದಿಯಾಗಿ ಇರಲಿಲ್ಲ. ಕ್ಲಬ್‌ಗಳು ಬಹುತೇಕ ಸ್ಥಳೀಯ ಸರ್ಕಾರದ ಬಜೆಟ್ಟಿನ ದುಡ್ಡಿನಲ್ಲೇ ನಡೆಯುತ್ತಿದ್ದವು. ಆ ದುಡ್ಡಿಗೆ ಕಡಿವಾಣ ಬಿದ್ದಾಗ ಅನೇಕ ಕಡೆ ಸಂಬಳ ತಿಂಗಳುಗಟ್ಟಲೆ ನಿಂತಿತು. ದೇಶದ ಫುಟ್‌ಬಾಲ್ ಸಂಸ್ಥೆಯೇ ಒಡೆದು ಎರಡು ಲೀಗ್‌ಗಳಾದ ಕಾಲವೊಂದಿತ್ತು. 2015ರ ಮೇ ತಿಂಗಳಲ್ಲಿ ಸರ್ಕಾರದ ಹಸ್ತಕ್ಷೇಪದ ಕಾರಣಕ್ಕೆ ಫಿಫಾ ಇಂಡೊನೇಷ್ಯಾವನ್ನೇ ಅಮಾನತು ಮಾಡಿತು, ಅದು ತೆರವಾಗಲು ಒಂದು ವರ್ಷ ಹಿಡಿಯಿತು. ಆ ಅವಧಿಯಲ್ಲಿ ಲೀಗ್ ನಿಂತುಹೋಗಿ ಆಟಗಾರರು ಸಿಕ್ಕ ಸಿಕ್ಕ ಸಣ್ಣ ಟೂರ್ನಿಗಳಲ್ಲಿ ಆಡಿ ಹೊಟ್ಟೆ ಹೊರೆದುಕೊಂಡರು. ಇಷ್ಟೆಲ್ಲ ಆದಾಗಲೂ ಹುದಾ ಇದ್ದಲ್ಲೇ ಇದ್ದ. ಮೂವತ್ತೆಂಟಾದರೂ ಗೋಲಿನಲ್ಲಿ ನಿಲ್ಲುತ್ತಿದ್ದ.

ಅದೇ 2017ರ ಮೇ ತಿಂಗಳಲ್ಲಿ ರೋಮಾ ಕ್ಲಬ್ಬಿನ ಫ್ರಾನ್ಸೆಸ್ಕೊ ತೊತ್ತಿ ಜೀವಮಾನವೆಲ್ಲ ಆಡಿದ ಒಂದೇ ತಂಡಕ್ಕೆ ವಿದಾಯ ಹೇಳಿದ. ಇಡೀ ಕ್ರೀಡಾಂಗಣ ಅತ್ತಿತು, ಟಿವಿಯಲ್ಲಿ ಜಗತ್ತೇ ನೋಡಿತು. ಲಮೋಂಗನ್‌ನ ಜನರಿಗೂ ಒಬ್ಬ ತೊತ್ತಿ ಇದ್ದ. ಅವನಿಗೆ ವಿದಾಯದ ಪಂದ್ಯ ಆಡುವ ಅವಕಾಶ ಸಿಗಲಿಲ್ಲ.

ಅಕ್ಟೋಬರ್ 15, ಭಾನುವಾರ. ಸುರಜಯ ಮೈದಾನದಲ್ಲಿ ಸೆಮೆನ್ ಪಡಾಂಗ್ ತಂಡದ ವಿರುದ್ಧ ಪಂದ್ಯ. ಮೊದಲರ್ಧ ಮುಗಿಯುವ ಹೊತ್ತು. ಪೆನಾಲ್ಟಿ ಪ್ರದೇಶದೊಳಗೆ ಬಂದ ಚೆಂಡಿಗೆ ಹುದಾ ಮುನ್ನುಗ್ಗಿದ. ಎದುರಾಳಿಯ ಫಾರ್ವರ್ಡ್ ಒಬ್ಬ, ತನ್ನದೇ ತಂಡದ ಬ್ರೆಜಿಲಿಯನ್ ಆಟಗಾರನೊಬ್ಬ, ಇಬ್ಬರೂ ಅದೇ ಚೆಂಡಿಗೆ ಓಡಿ ಬಂದಿದ್ದರು. ಮೂವರೂ ಒಂದೇ ಜಾಗದಲ್ಲಿ ಸೇರಿದರು. ಢಿಕ್ಕಿಯ ಪೆಟ್ಟು ಬಿದ್ದದ್ದು ಹುದಾನಿಗೆ. ಮೊದಲಿಗೆ ಎದ್ದು ಕೂರುವ ಪ್ರಯತ್ನದಂತೆ ಕಂಡಿತು, ಎದೆ ಹಿಡಿದುಕೊಂಡ, ನಂತರ ಎಚ್ಚರ ತಪ್ಪಿದ. ಸ್ಟ್ರೆಚರ್, ಆಂಬುಲೆನ್ಸ್, ಊರಿನದೇ ಆಸ್ಪತ್ರೆ. ಎದೆ, ತಲೆ, ಕುತ್ತಿಗೆಯ ಭಾಗಕ್ಕೆ ಪೆಟ್ಟಾಗಿ ಉಸಿರು, ಹೃದಯ ಎರಡೂ ನಿಂತಿವೆ ಎಂದು ಡಾಕ್ಟರುಗಳು ಹೇಳಿದರು. ಅಂದು ಸಂಜೆಯೇ ಎಲ್ಲ ಮುಗಿದಿತ್ತು.

ಇತ್ತ ಮೈದಾನದಲ್ಲಿ ಪಂದ್ಯ ನಡೆದೇ ಇತ್ತು. ಪರ್ಸೆಲಾ 2-0 ಗೋಲುಗಳಿಂದ ಗೆದ್ದಿತು. ಗೆಲುವಿನ ಬೆನ್ನಿಗೇ ಸಾವಿನ ಸುದ್ದಿ ಬಂತು. ಆ ಬ್ರೆಜಿಲಿಯನ್ ಹುಡುಗನ ಬಗ್ಗೆ ಯೋಚಿಸುತ್ತೇನೆ. ಅವನದೇನೂ ತಪ್ಪಿರಲಿಲ್ಲ. ತನ್ನ ಗೋಲನ್ನು ಕಾಯಲು ಓಡಿ ಬಂದವನು ತನ್ನ ನಾಯಕನಿಗೇ ಬಡಿದ. ಅದು ಯಾರಿಗೂ ಬರಬಾರದ ನೆನಪು.

ಕ್ಲಬ್ ಒಂದನೇ ನಂಬರಿನ ಅಂಗಿಯನ್ನು ಯಾರಿಗೂ ಕೊಡುವುದಿಲ್ಲವೆಂದು ನಿವೃತ್ತಿಗೊಳಿಸಿತು. ಊರಿನವರು ಅವನನ್ನು ಊರಿನಲ್ಲೇ ಮಣ್ಣು ಮಾಡಿದರು. ನಾಲ್ಕೂವರೆ ವರ್ಷದ ನಂತರ, 2021-22ರ ಋತುವಿನ ಕೊನೆಗೆ ಪರ್ಸೆಲಾ ಮೇಲಿನ ದರ್ಜೆಯಿಂದ ಕೆಳಗಿಳಿಯಿತು. ಹುದಾ ಗೋಲಿನಲ್ಲಿ ನಿಂತು ಮೇಲೆತ್ತಿದ ತಂಡ ಅವನಿಲ್ಲದೆ ಬಹಳ ಕಾಲ ಮೇಲೆ ನಿಲ್ಲಲಿಲ್ಲ.

ಇದು ದೂರದ ದೇಶದ ಕಥೆ ಎಂದುಕೊಳ್ಳಬೇಡಿ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2004ರ ಡಿಸೆಂಬರ್ 5ರಂದು ಫೆಡರೇಷನ್ ಕಪ್ ಫೈನಲ್ ನಡೆದಿತ್ತು. ಗೋವಾದ ಡೆಂಪೊ ಒಂದು ಕಡೆ, ಮೋಹನ್ ಬಾಗಾನ್ ಇನ್ನೊಂದು ಕಡೆ. ಡೆಂಪೊದ ಬ್ರೆಜಿಲಿಯನ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಗೋಲು ಹೊಡೆದ ಆ ಗಳಿಗೆಯಲ್ಲೇ ಎದುರಾಳಿ ಗೋಲ್‌ಕೀಪರ್‌ಗೆ ಢಿಕ್ಕಿಯಾಗಿ ಕುಸಿದ, ಮತ್ತೆ ಏಳಲಿಲ್ಲ. ಆಗ ಅವನಿಗೆ 25. ಡೆಂಪೊ ಕಪ್ ಗೆದ್ದಿತು, ಹತ್ತನೇ ನಂಬರಿನ ಅಂಗಿಯನ್ನು ಅವನ ಹೆಸರಿಗೆ ಬಿಟ್ಟಿತು. ನಮ್ಮ ಮೈದಾನಗಳಲ್ಲಿ ತುರ್ತು ಚಿಕಿತ್ಸೆಗೆ ಏನಿದೆ ಎಂಬ ಪ್ರಶ್ನೆ ಆಗ ಜೋರಾಗಿ ಎದ್ದಿತ್ತು. ಬೆಂಗಳೂರಿನ ಗೆಲುವಿನ ದಿನ, ಲಮೋಂಗನ್‌ನ ಗೆಲುವಿನ ದಿನ, ಎರಡೂ ಒಂದೇ ಥರ.

ಗೋಲ್‌ಕೀಪರ್‌ನ ಕೆಲಸವೇ ಹಾಗೆ. ಉಳಿದ ಹತ್ತು ಜನ ಚೆಂಡಿಗೆ ಕಾಲು ಹಾಕಿದರೆ ಇವನು ಅದೇ ಜಾಗಕ್ಕೆ ತಲೆ ಹಾಕಬೇಕು. ಎತ್ತರದ ಚೆಂಡಿಗೆ ಎರಡೂ ಕೈ ಎತ್ತಿದರೆ ಎದೆ, ಪಕ್ಕೆಲುಬು ಬಯಲು. 2006ರ ಅಕ್ಟೋಬರ್‌ನಲ್ಲಿ ಚೆಲ್ಸಿಯ ಪೀಟರ್ ಚೆಕ್ ಎದುರಾಳಿಯ ಮೊಣಕಾಲು ಬಡಿದು ತಲೆಬುರುಡೆ ಒಡೆದುಕೊಂಡಿದ್ದ. ಬದುಕಿ ಬಂದು ನಿವೃತ್ತಿಯವರೆಗೂ ತಲೆಗೆ ಕವಚ ಕಟ್ಟಿಯೇ ಆಡಿದ. 2021ರ ಜೂನ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಯಾವ ಢಿಕ್ಕಿಯೂ ಇಲ್ಲದೆ ಹೃದಯ ನಿಂತು ಬಿದ್ದಾಗ, ಪಕ್ಕದಲ್ಲೇ ಇದ್ದವರು ತಡಮಾಡದೆ ಎದೆ ಒತ್ತಲು ಶುರು ಮಾಡಿದರು, ಶಾಕ್ ಕೊಡುವ ಯಂತ್ರ ಕೂಡಲೇ ಬಂತು. ಅವನು ಬದುಕಿದ, ಮತ್ತೆ ಆಡಿದ. ಹೃದಯ ನಿಂತ ಮೇಲೆ ಚಿಕಿತ್ಸೆಯಿಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ ಏಳರಿಂದ ಹತ್ತರಷ್ಟು ಇಳಿಯುತ್ತದೆ. ಎಲ್ಲರನ್ನೂ ಉಳಿಸಿಕೊಳ್ಳಲು ಆಗುವುದಿಲ್ಲ, ನಿಜ. ಆದರೆ ಸಿದ್ಧವಾಗಿ ನಿಲ್ಲುವುದು ನಮ್ಮ ಕೈಯಲ್ಲಿದೆ.

ಅದೇ ಶನಿವಾರ ಪುಣೆಗೆ ಹೋದೆ. ಹುಡುಗ ಒಡೆದ ತುಟಿಯಲ್ಲೇ ನಗುತ್ತಾ, ‘ಮಾಮ, ಅಮ್ಮ ನಿಮ್ಮನ್ನ ಕಳಿಸಿದ್ದು ಗೊತ್ತು. ನಾನು ಬಿಡಲ್ಲ’ ಅಂದ. ಅವನಿಗೆ ಹುದಾನ ಕಥೆ ಹೇಳಿದೆ. ಪೂರ್ತಿ ಹೇಳಿದೆ, ಕೊನೆಯನ್ನೂ. ಹೆದರಿಸಲು ಹೇಳಿದ್ದಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹದಿನೆಂಟು ವರ್ಷ ಒಂದೇ ಟೀಮಾ?’ ಎಂದು ಕೇಳಿದ. ಅವನಿಗೆ ತಾಗಿದ್ದು ಸಾವಲ್ಲ, ಅದು.

ನನಗೂ ತಾಗಿದ್ದು ಅದೇ. ನಾನು ಊರು ಬಿಟ್ಟು ಮೂವತ್ತೊಂದು ವರ್ಷ. ವರ್ಷಕ್ಕೊಮ್ಮೆ ಹೋದಾಗ ಬಸ್ ಸ್ಟ್ಯಾಂಡಿನ ಪಕ್ಕದ ಸೈಕಲ್ ಶಾಪಿನವರು, ಶಾಲೆಯ ಪೀಟಿ ಮೇಷ್ಟ್ರು, ‘ಯಾವಾಗ ಬಂದದ್ದು, ಯಾವಾಗ ಹೊರಡುವುದು?’ ಎಂದು ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಊರಿನ ಹೆಸರನ್ನು ಬೋರ್ಡಿನ ಮೇಲೆ ಹೊತ್ತು ತಿರುಗುವವರು ನಾವು. ಅದಕ್ಕಾಗಿ ಬೀಗುತ್ತೇವೆ ಕೂಡ. ಆದರೆ ನಾವು ಹೋದಾಗ ಹೋಗಲಿಕ್ಕೆ ಅಲ್ಲೊಂದು ಊರು ಉಳಿದಿರುವುದು ಬಿಡದೆ ನಿಂತವರಿಂದ. ಅವರಿಗೆ ಯಾರೂ ಸಂಘದ ವೇದಿಕೆಯಲ್ಲಿ ಶಾಲು ಹೊದಿಸುವುದಿಲ್ಲ.

ಮಧ್ಯಾಹ್ನ ಹುಡುಗನ ಪ್ರಾಕ್ಟೀಸ್ ನೋಡಲು ಮೈದಾನಕ್ಕೆ ಹೋದೆ. ಕೋಚ್ ಒಳ್ಳೆಯ ಮನುಷ್ಯ. ಅವರ ಬಳಿ ಮೂರೇ ಪ್ರಶ್ನೆ ಕೇಳಿದೆ. ಯಾರಾದರೂ ಬಿದ್ದರೆ 108ಕ್ಕೆ ಫೋನ್ ಮಾಡುವವರು ಯಾರು? ಆಂಬುಲೆನ್ಸ್ ಒಳಬರುವ ಗೇಟಿನ ಬೀಗದ ಕೀ ಯಾರ ಹತ್ತಿರ? ಎದೆ ಒತ್ತಿ ಉಸಿರು ಉಳಿಸಲು ನಿಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತದೆ? ಮೊದಲನೆಯದಕ್ಕೆ ಉತ್ತರ ಸಿಕ್ಕಿತು. ಎರಡನೆಯದಕ್ಕೆ ವಾಚ್‌ಮನ್‌ನನ್ನು ಹುಡುಕಬೇಕಾಯಿತು. ಮೂರನೆಯದಕ್ಕೆ ಅವರು ತಲೆ ಕೆರೆದುಕೊಂಡರು. ಬರುವ ತಿಂಗಳು ಒಬ್ಬ ಡಾಕ್ಟರನ್ನು ಕರೆಸಿ ಹೆತ್ತವರಿಗೂ ಸೇರಿಸಿ ಅರ್ಧ ದಿನದ ತರಬೇತಿ ಇಡೋಣ ಎಂದು ಮಾತಾಯಿತು. ತಂಗಿ ಮೊದಲ ಹೆಸರು ಕೊಟ್ಟಳು.

ನಿಮ್ಮ ಮಕ್ಕಳು ಕೆಳಗಿನ ಟರ್ಫಿನಲ್ಲಿ ಆಡುತ್ತಿದ್ದರೆ, ಈ ಮೂರು ಪ್ರಶ್ನೆ ನೀವೂ ಒಮ್ಮೆ ಕೇಳಿ ನೋಡಿ.

ಅಂದು ಹುಡುಗ ಎರಡು ಗೋಲು ಬಿಟ್ಟ, ಐದು ಹಿಡಿದ. ಎತ್ತರದ ಚೆಂಡು ಬಂದಾಗಲೆಲ್ಲ ‘ನಂದು!’ ಎಂದು ಗಟ್ಟಿಯಾಗಿ ಕೂಗುತ್ತಿದ್ದ. ತನ್ನವರೇ ಬಂದು ಬಡಿಯದಿರಲಿ ಎಂದು ಕೋಚ್ ಹೇಳಿಕೊಟ್ಟದ್ದಂತೆ. ಮರಾಠಿ ಹುಡುಗರ ನಡುವೆ ಅವನು ಕೂಗುತ್ತಿದ್ದದ್ದು ಕನ್ನಡದಲ್ಲಿ. ಎಲ್ಲರಿಗೂ ಅರ್ಥವಾಗುತ್ತಿತ್ತು.