ಕೊಟ್ರ ಪುಕ್ಕಟೆ ಕೊಡ್ರಿ, ಮಾರಿದ್ರ ಪೂರಾ ರೇಟಿಗೆ ಮಾರ್ರಿ

ಭಾಗ 1
(ಫೋಟೋ: ಕರಿ ಬಟ್ಟೆ, ಬಿಳಿ ದಾರ, ನಮ್ಮೂರ ದುರ್ಗ ಗುಡಿ)

ಐಹೊಳೆ ದುರ್ಗ ಗುಡಿನ ಕಸೂತಿಯೊಳಗ ತರಾಕ ಇದು ನನ್ನ ಮೂರನೇ ಪ್ರಯತ್ನ. ಮೊದಲಿನ ಎರಡೂ ಬಿಚ್ಚಿ ಹಾಕಿದೆ. ಯಾಕಂದ್ರ ಗುಡಿ ಹಿಂದಿನ ಭಾಗ ಆನೆ ಬೆನ್ನಿನ ಹಂಗ ದುಂಡಗೈತಿ. ಕಸೂತಿಗೆ ದುಂಡಗ ಹೋಗಾಕ ಬರೂದಿಲ್ಲ. ಅಡ್ಡ, ಉದ್ದ, ಓರೆ, ಇಷ್ಟ ದಾರಿ. ಬಟ್ಟೆಯ ಎಳೆ ಎಣಿಸಿ ಎಣಿಸಿ, ಮೆಟ್ಟಿಲು ಮೆಟ್ಟಿಲಾಗಿ ದುಂಡು ತರಬೇಕು. ಪೆನ್ಸಿಲ್ ಗೆರೆ ಇಲ್ಲ, ಗಂಟು ಹಾಕಂಗಿಲ್ಲ. ಒಂದು ಎಳೆ ತಪ್ಪಿದ್ರ ಹತ್ತು ಸಾಲು ಆದಮ್ಯಾಲ ಗೊತ್ತಾಗ್ತದ.

ಹೋದ ವಾರ ಇದರ ಅರ್ಧ ಕೆಲಸದ ಫೋಟೋ ಹಾಕಿದಾಗ ಕಾಮೆಂಟಿನಲ್ಲಿ ಎರಡು ಮಾತು ಬಹಳ ಬಂದವು. ಒಂದು, "ರೇಟ್ ಎಷ್ಟು?" ಎರಡು, "ಹೆಂಗೂ ಹವ್ಯಾಸಕ್ಕ ಮಾಡ್ತೀಯಲ್ಲ, ನನಗೂ ಒಂದು ಮಾಡಿಕೊಡ, ದಾರದ ರೊಕ್ಕ ಕೊಡ್ತೀನಿ."

ಎರಡನೇ ಮಾತಿಗೆ ಉತ್ತರ ಒಂದು ಸಾಲಿನಾಗ ಮುಗಿಯೂದಿಲ್ಲ. ಅದಕ್ಕ ಈ ಸರಣಿ. ಮುಂದ ಓದ್ರಿ. ನಡುವ ನನ್ನ ತಪ್ಪೂ ಬರ್ತದ.

ಭಾಗ 2
(ಫೋಟೋ: ಕಸೂತಿಯ ಮುಂದಿನ ಮೈ, ಹಿಂದಿನ ಮೈ)

ಹೊಸದಾಗಿ ಫಾಲೋ ಮಾಡಿದವರಿಗೆ ಸ್ವಲ್ಪ ಪಾಠ. ಗೊತ್ತಿದ್ದವರು ಸ್ವೈಪ್ ಮಾಡ್ರಿ.

ಕಸೂತಿಯಲ್ಲಿ ನಾಲ್ಕು ಹೊಲಿಗೆ. ಗವಂತಿ: ಹೋಗುವಾಗ ಒಂದು ಬಿಟ್ಟು ಒಂದು ಹೊಲಿಯೋದು, ಬರುವಾಗ ಬಿಟ್ಟ ಜಾಗ ತುಂಬೋದು. ಮುರ್ಗಿ: ಅದೇ ಲೆಕ್ಕ, ಆದರೆ ಮೆಟ್ಟಿಲಿನ ಹಾಗೆ ಅಂಕುಡೊಂಕು. ನೇಗಿ: ನೇಯ್ದಂಗ ಕಾಣ್ತದ. ಮೆಂತೆ: ಕತ್ತರಿ ಆಕಾರದ ಹೊಲಿಗೆ. ಗವಂತಿ ಮತ್ತು ಮುರ್ಗಿಯಲ್ಲಿ ಬಟ್ಟೆ ತಿರುಗಿಸಿದರೂ ಅದೇ ಚಿತ್ರ ಕಾಣಬೇಕು. ಗೋಪುರ, ತೇರು, ತುಳಸಿ ಕಟ್ಟೆ, ಆನೆ, ನವಿಲು ಎಲ್ಲಾ ಈ ನಾಲ್ಕರಲ್ಲೇ. ಕರಿ ಇಳಕಲ್ ಸೀರೆ ಮೇಲೆ ಕಸೂತಿ ಹಾಕಿದರೆ ಅದು ಚಂದ್ರಕಾಳಿ, ಮದುವಣಗಿತ್ತಿಯ ಸೀರೆ.

ಕೌದಿ ಬೇರೆ. ಅದಕ್ಕೆ ಎಣಿಕೆ ಬೇಕಿಲ್ಲ, ಸಹನೆ ಬೇಕು. ಕೆಳಗೆ ಒಂದು ಹಳೆ ಸೀರೆ, ನಡುವೆ ಧೋತರ, ಹರಿದ ಲಂಗ, ಮೇಲೆ ಬಣ್ಣ ಬಣ್ಣದ ತುಂಡು. ಎಲ್ಲಾ ಪದರ ಸೇರಿಸಿ ಸಣ್ಣ ಸಣ್ಣ ಹೊಲಿಗೆ, ಸಾಲು ಸಾಲು. ಹಳೆ ಹತ್ತಿ ಬಟ್ಟೆ ಒಗೆದು ಒಗೆದು ಮೆತ್ತಗಾಗಿರ್ತದ, ಅದಕ್ಕ ಕೂಸಿಗೆ ಕೌದಿ. ಪಾಲಿಸ್ಟರ್ ಸೀರೆ ಹಾಕಬ್ಯಾಡ್ರಿ, ಜಾರ್ತದ, ಬೆವರೂ ಹೀರೂದಿಲ್ಲ.

ಇದಿಷ್ಟು ಯಾಕ ಹೇಳಿದೆ ಅಂದ್ರ, "ದಾರದ ರೊಕ್ಕ" ಅನ್ನೋ ಮಾತು ಎಷ್ಟು ಸಣ್ಣದು ಅಂತ ತಿಳಿಯಲಿ ಅಂತ. ಇದರಾಗ ದಾರ ಬಹಳ ಕಡಿಮೆ. ಉಳಿದದ್ದೆಲ್ಲಾ ಹೊತ್ತು.

ಭಾಗ 3
(ಫೋಟೋ: ನಾ ಮಾರಿದ ಮೊದಲ ಬ್ಲೌಸ್)

ಈಗ ನನ್ನ ತಪ್ಪು.

ಹೋದ ವರ್ಷ ಒಬ್ಬ ಗೆಳತಿಯ ಅಕ್ಕನ ಮದುವಿಗೆ ಬ್ಲೌಸಿನ ಎರಡೂ ತೋಳಿಗೆ ಕಸೂತಿ ಹಾಕಿಕೊಟ್ಟೆ. 600 ರೂಪಾಯಿ ತಗೊಂಡೆ. ನನ್ನ ಹೊಲಿಗೆಗೆ ಬಂದ ಮೊದಲ ರೊಕ್ಕ. ಸ್ಟೋರಿ ಹಾಕಿದೆ, ಹಾಡು ಹಾಕಿದೆ, ನೀವೂ ಎಲ್ಲಾರೂ ಹಾರ್ಟ್ ಒತ್ತಿದ್ರಿ. ಕೆಳಗ "ಕೇವಲ 600" ಅಂತ ಹೆಮ್ಮೆಯಿಂದ ಬರೆದಿದ್ದೆ.

ನನಗ ಗವಂತಿ ಕಲಿಸಿದವರು ನಮ್ಮ ಬಾಜೂ ಮನಿ ಕಾಕು. ಅವರು ಕೌದಿ, ಕಸೂತಿ ಎರಡೂ ಮಾಡ್ತಾರ. ಹವ್ಯಾಸಕ್ಕಲ್ಲ, ಹೊಟ್ಟಿಗೆ. ಅಂಥದೇ ಬ್ಲೌಸಿಗೆ ಅವರು 1,800 ತಗೋತಿದ್ರು. ನನ್ನ ಸ್ಟೋರಿ ಹೋದ ಹದಿನೈದು ದಿನದಾಗ ಅವರ ಹತ್ರ ಬಂದ ಒಬ್ಬರು ಫೋನ್ ತೆಗೆದು ನನ್ನ ಫೋಟೋನೇ ತೋರಿಸಿ ಕೇಳಿದ್ರಂತ: "ಈ ಹುಡುಗಿ 600ಕ್ಕ ಮಾಡ್ತಾಳ, ನಿಮಗ್ಯಾಕ್ರಿ 1,800?" ಆರ್ಡರ್ ಕೊಡದ ಹ್ವಾದ್ರು.

ಕಾಕು ನನ್ನ ಬೈಲಿಲ್ಲ. ದಸರಾ ಮುಂದ ಕೌದಿ ಒಗಿಯಾಕ ಹೊಳಿಗೆ ಹೋದಾಗ, ತೊಯ್ದ ಕೌದಿ ಇಬ್ಬರೂ ಹಿಡಿದು ಹಿಂಡಾಕತ್ತಿದ್ವಿ. ಆವಾಗ ಕೇಳಿದ್ರು: "ನಿನ್ನ ಫೋನಿಗೆ ರೀಚಾರ್ಜ್ ಯಾರ್ ಹಾಕಸ್ತಾರವಾ?"

"ಅಪ್ಪ."

"ನನ್ನ ಫೋನಿಗೆ ನನ್ನ ಸೂಜಿನ ಹಾಕಸಬೇಕು."

ಅಷ್ಟ. ಮತ್ತ ಹಿಂಡೂದ ಚಾಲೂ ಮಾಡಿದ್ರು.

ಭಾಗ 4
(ಫೋಟೋ: ನನ್ನ ನೋಟ್‌ಬುಕ್ಕಿನ ಲೆಕ್ಕದ ಪುಟ)

ಮನಿಗೆ ಬಂದು ಲೆಕ್ಕಾ ಹಾಕಿದೆ. ಫೋಟೋದಾಗ ಐತಿ, ಜೂಮ್ ಮಾಡಿ ನೋಡ್ರಿ.

ಆ ಬ್ಲೌಸಿಗೆ ನಾ ಕೂತದ್ದು ಸುಮಾರು 40 ಗಂಟೆ. ದಾರ, ಸೂಜಿಗೆ 120 ರೂಪಾಯಿ. 600ರಲ್ಲಿ 120 ತೆಗೆದರೆ 480. ಅದನ್ನು 40ರಿಂದ ಭಾಗಿಸಿದರೆ ಗಂಟೆಗೆ 12 ರೂಪಾಯಿ.

ಈಗ ಇನ್ನೊಂದು ಲೆಕ್ಕ. 2024-25ರಲ್ಲಿ ಕರ್ನಾಟಕದಲ್ಲಿ ನರೇಗಾ ದಿನಗೂಲಿ 349 ರೂಪಾಯಿ ಇತ್ತು. 40 ಗಂಟೆ ಅಂದರೆ ಎಂಟು ತಾಸಿನ 5 ದಿನ. 5 ದಿನಕ್ಕೆ 1,745. ಅದಕ್ಕೆ ದಾರದ 120 ಸೇರಿಸಿದರೆ 1,865.

ಅಂದ್ರ ಕಾಕು ಹೇಳ್ತಿದ್ದ 1,800 ಜಾಸ್ತಿ ಅಲ್ಲ. ಅವರು ನನಗಿಂತ ಬೇಗ ಹೊಲೀತಾರ, ಖರೆ. ಆದ್ರ ಆ ಬೇಗ ಬಂದದ್ದು ಮೂವತ್ತು ವರ್ಷ ಕಣ್ಣು ಸವೆಸಿದ್ದಕ್ಕ. ಅದರ ಲಾಭ ಅವರಿಗೆ ಬರಬೇಕು, ಗಿರಾಕಿಗಲ್ಲ.

ನಾ ಮಾಡಿದ್ದೇನು? ಅಪ್ಪನ ಮನಿ ಊಟ, ಅಪ್ಪನ ಮನಿ ಕರೆಂಟು, ಅಪ್ಪನ ರೀಚಾರ್ಜ್ ಮ್ಯಾಲ ಕೂತು, ಊಟಕ್ಕ ದುಡಿಯೋರ ಜೋಡಿ ರೇಟಿನ ಪೈಪೋಟಿ ಮಾಡಿದೆ. ಗೆದ್ದೆ ಕೂಡ. ಹಂಗ ಗೆಲ್ಲೂದು ಬಹಳ ಸುಲಭ, ಯಾಕಂದ್ರ ಸೋತರೂ ನನಗ ನಷ್ಟ ಇಲ್ಲ.

ಭಾಗ 5
(ಫೋಟೋ: ಕೂಸಿನ ಕೌದಿ, ಮೂಲೆಗೆ ತ್ರಿಕೋನದ ತುಂಡು)

ಅದಕ್ಕ ನಾ ಒಂದು ನಿಯಮ ಮಾಡಿಕೊಂಡೀನಿ. ನೀವೂ ಮಾಡ್ಕೋರಿ ಅಂತ ನನ್ನ ವಾದ.

ಹವ್ಯಾಸಕ್ಕೆ ಹೊಲಿಯುವವರು ಕೊಟ್ಟರೆ ಪುಕ್ಕಟೆ ಕೊಡಬೇಕು. ಮಾರಿದರೆ ಪೂರಾ ರೇಟಿಗೆ ಮಾರಬೇಕು. ನಡುವಿನ ಅರ್ಧ ರೇಟ್ ಬೇಡ.

ಪುಕ್ಕಟೆ ಕೊಟ್ಟದ್ದು ಉಡುಗೊರೆ. ಉಡುಗೊರೆ ತೋರಿಸಿ ಯಾರೂ ಇನ್ನೊಬ್ಬರ ಹತ್ರ ಚೌಕಾಸಿ ಮಾಡೂದಿಲ್ಲ. "ನನ್ನ ಗೆಳತಿ ಹೊಲಿದು ಕೊಟ್ಟಾಳ" ಅಂತಾರ, ಅಲ್ಲಿಗೆ ಮುಗೀತು. ಈ ಫೋಟೋದಾಗಿನ ಕೌದಿ ನಮ್ಮ ಕ್ಲಾಸಿನ ಒಬ್ಬಾಕಿ ಅಕ್ಕನ ಕೂಸಿಗೆ. ಒಂದು ರೂಪಾಯಿ ತಗೊಂಡಿಲ್ಲ. ಮೂಲೆಯ ಮಡಚಿದ ತ್ರಿಕೋನ ನನ್ನ ಐಡಿಯಾ ಅಲ್ಲ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳ ಕೌದಿಯಿಂದ ಕಲಿತದ್ದು. ಅವರು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರ್ತಾರ, ಮೂಲೆಗೆ ಇಂಥ "ಫೂಲ" ಇಡದಿದ್ದರೆ ಕೌದಿ ಪೂರ್ತಿ ಆದಂಗ ಅಲ್ಲ. ಅವರ ಹೆಸರು ಹೇಳದ ಫೋಟೋ ಹಾಕಿದ್ರ ಅದೂ ಒಂಥರಾ ಅರ್ಧ ರೇಟೇ.

ಪೂರಾ ರೇಟು ಅಂದ್ರ ನಿಮ್ಮ ಊರಾಗ ಇದರ ಮ್ಯಾಲ ಬದುಕೋರು ಏನು ತಗೋತಾರೋ ಅಷ್ಟು. ಮೊದಲು ಅವರನ್ನ ಕೇಳ್ರಿ, ಆಮ್ಯಾಲ ನಿಮ್ಮ ರೇಟು ಹೇಳ್ರಿ.

ಭಾಗ 6
(ಫೋಟೋ: ಕಂಪ್ಯೂಟರ್ ಕಸೂತಿ ಮತ್ತು ಕೈ ಕಸೂತಿ, ಎರಡರದೂ ಹಿಂದಿನ ಮೈ)

ನೀವು ಏನು ಕೇಳ್ತೀರಿ ಗೊತ್ತೈತಿ. ಡಿಎಂನಾಗ ಆಗಲೇ ಕೇಳೀರಿ.

"ನಾ ಇನ್ನೂ ಕಲಿಯಾಕತ್ತೀನಿ, ಪೂರಾ ರೇಟ್ ಕೇಳಾಕ ನಾಚಿಕಿ ಆಗ್ತದ." ನಾಚಿಕಿ ಆಗೂದು ಸರಿ. ಹಂಗಾದ್ರ ಮಾರಬ್ಯಾಡ್ರಿ. ತಮ್ಮಗ, ಗೆಳತಿಗೆ, ಮನಿ ದಿಂಬಿಗೆ ಹೊಲೀರಿ. ಕೈ ಕುದುರಿದಮ್ಯಾಲ ಮಾರ್ರಿ.

"ಮಷೀನ್ ಕಸೂತಿ ಅಗ್ಗಕ್ಕ ಸಿಗ್ತದ, ನಮ್ಮದನ್ನ ಯಾರ್ ತಗೋತಾರ?" ಮಷೀನಿನ ಮ್ಯಾಲ ನನಗ ಸಿಟ್ಟಿಲ್ಲ. ಅದು ಬೇರೆ ಸಾಮಾನು, ಅದಕ್ಕ ಬೇರೆ ರೇಟು. ಆದ್ರ ತಿರುಗಿಸಿ ನೋಡೂದು ಗಿರಾಕಿಗೆ ಕಲಿಸ್ರಿ. ಎಡಗಡೆಯ ತುಂಡಿನ ಹಿಂದೆ ಬಾಬಿನ್ ದಾರ, ಅಂಟಿಸಿದ ಪೇಪರು. ಬಲಗಡೆಯದು ಯಾವುದು ಮುಂದು, ಯಾವುದು ಹಿಂದು ಹೇಳ್ರಿ ನೋಡೋಣ. ಮಷೀನಿಂದು ಕೈಯಿಂದು ಅಂತ ಮಾರಿದ್ರ ಮಾತ್ರ ತಪ್ಪು.

"ಬಡವರಿಗೂ ಚಂದದ್ದು ಸಿಗಲಿ ಅಂತ ಅಗ್ಗಕ್ಕ ಕೊಡ್ತೀನಿ." ಇದು ನನಗ ಬಹಳ ದಿನ ಸರಿ ಅನಿಸಿತ್ತು. ಆದ್ರ ನನ್ನ ಹತ್ರ 600ಕ್ಕ ತಗೊಂಡವರು ಬಡವರಲ್ಲ. ಅದೇ ಮದುವಿಗೆ ಡ್ರೋನ್ ತರಿಸಿ ಶೂಟಿಂಗ್ ಮಾಡಿಸಿದ್ರು. ಸೂಜಿ ಹಿಡಿದ ಕೈ ಹತ್ರ ಮಾತ್ರ ಚೌಕಾಸಿ.

ಒಂದು ವಾದಕ್ಕ ನನ್ನ ಹತ್ರ ಪೂರಾ ಉತ್ತರ ಇಲ್ಲ. ನಮ್ಮ ಕ್ಲಾಸಿನಾಗ ಒಬ್ಬಾಕಿ ಫೀಸು ತುಂಬಾಕ ಹೊಲೀತಾಳ. ಆಕಿಗೆ ಇವತ್ತ 600 ಬಂದ್ರ ಇವತ್ತಿನ ಕಷ್ಟ ನೀಗ್ತದ. ಆಕಿಗೆ "ಕಾಯಿ" ಅಂತ ಹೇಳೂದು ಸುಲಭಲ್ಲ. ಆದ್ರ ಆಕಿ ಹವ್ಯಾಸದಾಕಿ ಅಲ್ಲ, ಕಾಕು ಇದ್ದಂಗ. ಹವ್ಯಾಸದ ನಾವು ರೇಟ್ ಇಳಿಸಿದ್ರ ಮೊದಲ ಪೆಟ್ಟು ಆಕಿಗೇ ಬೀಳ್ತದ.

ಭಾಗ 7
(ಫೋಟೋ: ಸಂಜಿ ಬಿಸಿಲಿನಾಗ ಲಾಡಖಾನ ಗುಡಿ ಮುಂದ ಹಾಸಿದ ಕೌದಿ)

ನಮ್ಮೂರು ಅಂದ್ರ ಎಲ್ಲಾರೂ ಗುಡಿ ಅಂತಾರ, 634ರ ಮೇಗುತಿ ಶಾಸನ, ರವಿಕೀರ್ತಿ ಅಂತಾರ. ಸರಿ. ಆದ್ರ ಐಹೊಳೆ ವ್ಯಾಪಾರಸ್ಥರ ಊರೂ ಹೌದು. ಅಯ್ಯಾವೊಳೆ ಐನೂರ್ವರು ಅನ್ನೋ ವರ್ತಕರ ಸಂಘ ಈ ಊರಿನ ಹೆಸರು ಇಟ್ಟುಕೊಂಡು ದಕ್ಷಿಣ ಭಾರತದ ತುಂಬಾ ವ್ಯಾಪಾರ ಮಾಡಿತು. ಸುಮಾತ್ರದಾಗ 1088ರ ಒಂದು ತಮಿಳು ಶಾಸನದಲ್ಲೂ ಐನೂರ್ವರ ಹೆಸರೈತಿ. ಅವರು ತಮ್ಮ ಶಾಸನಗಳಲ್ಲಿ ವೀರಬಣಂಜು ಧರ್ಮ ಕಾಯುವವರು ಅಂತ ತಮ್ಮನ್ನು ಕರೆದುಕೊಂಡರು. ಮಾರೂದಕ್ಕೂ ಒಂದು ಧರ್ಮ ಐತಿ ಅಂತ ಕಲ್ಲಿನಾಗ ಬರೆಸಿದ ಊರಿನವರು ನಾವು. ಫೋನಿನಾಗ ಮಾರುವಾಗ ಅದನ್ನ ಮರೆತರೆ ಹೆಂಗ?

ಕಾಕು ಆರ್ಡರ್ ಮರಳಿ ಬಂತಾ ಅಂತ ಕೇಳ್ತೀರಿ. ಬರಲಿಲ್ಲ. ಆ ಹಳೆ ಪೋಸ್ಟ್ ನಾ ಅಳಿಸಿದೆ. ಆಮ್ಯಾಲ ನನಗ ಮೂರು ಮಂದಿ ಕಸೂತಿ ಕೇಳಿದ್ರು. ಮೂವರಿಗೂ ಕಾಕು ರೇಟೇ ಹೇಳಿದೆ, ಕಾಕು ಮನಿನೂ ತೋರಿಸಿದೆ. ಇಬ್ಬರು ಮೆಸೇಜ್ ನೋಡಿ ಸುಮ್ಮನಾದ್ರು. ಒಬ್ಬರು ಕಾಕು ಹತ್ರ ಸೆರಗಿಗೆ ತೇರು ಹಾಕಿಸಿಕೊಂಡ್ರು. ಮೂರಕ್ಕ ಒಂದು. ಸದ್ಯಕ್ಕ ಅಷ್ಟ.

ಈ ಫೋಟೋದಾಗಿನ ಕೌದಿ ಮಾರಾಟಕ್ಕಿಲ್ಲ, ಯಾರಿಗೂ ಕೊಡೂದೂ ಇಲ್ಲ. ನಡುವ ಕಾಣೋ ಕೆಂಪು ತುಂಡು ನಮ್ಮ ಅಜ್ಜಿಯ ಇಳಕಲ್ ಸೀರೆಯ ಸೆರಗು, ಟೋಪ ತೆನಿ. ಸೀರೆಯ ಒಡಲು ಹರಿದು ಹೋಗಿತ್ತು, ಸೆರಗು ಗಟ್ಟಿ ಉಳಿದಿತ್ತು. ಗಟ್ಟಿ ಇರೋ ಸೀರೆಗೆ ಕತ್ತರಿ ಹಾಕಬಾರದು ಅಂತ ಕಾಕುನೇ ಹೇಳಿದ್ದು. ಹರಿದ ಮ್ಯಾಲ ಹಾಕಿದೆ.

ಈಗ ನಿಮ್ಮ ಸರದಿ. ನಿಮ್ಮ ಊರಾಗ ಕೌದಿ, ಕಸೂತಿ, ಕ್ರೋಶಾ, ಯಾವುದಾದ್ರೂ ಇದರ ಮ್ಯಾಲ ಬದುಕೋರು ಯಾರಿದ್ದಾರ? ಅವರು ಎಷ್ಟು ತಗೋತಾರ? ಕೇಳಿಕೊಂಡು ಬಂದು ಕೆಳಗ ಬರೀರಿ. ನನ್ನ ಮಾತು ತಪ್ಪು ಅನಿಸಿದ್ರ ಅದನ್ನೂ ಬರೀರಿ. ಆದ್ರ "ಹವ್ಯಾಸ ಅಲ್ಲೇನು" ಅಂತ ಮಾತ್ರ ಬರೀಬ್ಯಾಡ್ರಿ.

#ಕೌದಿ #ಕಸೂತಿ #ಐಹೊಳೆ #ಇಳಕಲ್ #ಕೈಕೆಲಸ #ಪೂರಾರೇಟು